ಕೂಡುರಸ್ತೆಯ ಗಣಿತ

ಇಂದು ಜಲಾಶಯದಲ್ಲಿ ಮುಳುಗಿರುವ ಹಳೆಯ ಸೂಪಾ ಊರಿನ ಬಳಿ ಪಾಂಢರಿ ನದಿಯು ಕಾಳಿಯನ್ನು ಸೇರುತ್ತಿತ್ತು. ಉಪನದಿ ಕೂಡಿದೊಡನೆ ಮುಖ್ಯನದಿ ತುಂಬಿಕೊಳ್ಳುವುದಷ್ಟೆ? ಹೆದ್ದಾರಿಗೆ ಪಕ್ಕದ ರಸ್ತೆ ಬಂದು ಕೂಡುವಲ್ಲಿಯೂ ಹೀಗೆಯೇ. ಈ ಹೋಲಿಕೆ ಕೇವಲ ಕವಿಕಲ್ಪನೆಯಲ್ಲ. 1955ರಲ್ಲಿ ಲೈಟ್‌ಹಿಲ್ ಮತ್ತು ವಿದಮ್ ಎಂಬ ಗಣಿತಜ್ಞರು ನದಿಯ ನೆರೆಯನ್ನೂ ರಸ್ತೆಯ ದಟ್ಟಣೆಯನ್ನೂ ಒಂದೇ ಸಿದ್ಧಾಂತದಿಂದ ವಿವರಿಸಿದರು.

ಗಂಟೆಗೆ ಹಾದುಹೋಗುವ ವಾಹನಗಳ ಸಂಖ್ಯೆಯೇ ಪ್ರವಾಹ. ಒಂದು ಕಿಲೋಮೀಟರಿನಲ್ಲಿರುವ ವಾಹನಗಳ ಸಂಖ್ಯೆಯೇ ಸಾಂದ್ರತೆ. ಸಾಂದ್ರತೆಯನ್ನು ವೇಗದಿಂದ ಗುಣಿಸಿದರೆ ಪ್ರವಾಹ ದೊರೆಯುತ್ತದೆ.

ಹೆದ್ದಾರಿಯು ಗಂಟೆಗೆ 4000 ವಾಹನಗಳನ್ನು ಸಾಗಿಸಬಲ್ಲುದೆಂದು ಭಾವಿಸೋಣ. ಹೆದ್ದಾರಿಯಲ್ಲಿ 3400, ಕೂಡುರಸ್ತೆಯಲ್ಲಿ 900 ವಾಹನಗಳು ಬರಲಿ. ಕೂಡುರಸ್ತೆಯವೆಲ್ಲ ಒಳನುಗ್ಗಿದರೆ ಹೆದ್ದಾರಿಯವುಗಳಲ್ಲಿ 3100 ಮಾತ್ರ ಮುಂದೆ ಸಾಗುತ್ತವೆ. ಆಗ ಸಂಗಮದ ಹಿಂದೆ ಸಾಂದ್ರತೆ 50ರಿಂದ 110ಕ್ಕೆ ಏರಿತೆನ್ನಿ. ಪ್ರವಾಹದ ವ್ಯತ್ಯಾಸವಾದ 300ನ್ನು ಸಾಂದ್ರತೆಯ ವ್ಯತ್ಯಾಸವಾದ 60ರಿಂದ ಭಾಗಿಸಿರಿ. ದಟ್ಟಣೆಯ ಬಾಲವು ಗಂಟೆಗೆ 5 ಕಿಲೋಮೀಟರ್ ವೇಗದಿಂದ ಹಿಂದಕ್ಕೆ ಸರಿಯುತ್ತದೆ. ವಾಹನಗಳು ಮುಂದಕ್ಕೆ, ಅಲೆ ಹಿಂದಕ್ಕೆ!

ಬೆಂಗಳೂರಿನ ಹೆಬ್ಬಾಳದಲ್ಲಿ ಹೊರವರ್ತುಲ ರಸ್ತೆಯ ವಾಹನಗಳು ಬಳ್ಳಾರಿ ರಸ್ತೆಯನ್ನು ಸೇರುವಂಥ ಎಡೆಗಳಲ್ಲಿ, ಯಾವ ಅಪಘಾತವೂ ಇಲ್ಲದೆ ಆಂಬ್ಯುಲೆನ್ಸ್ ಕೂಡ ಸಿಕ್ಕಿಬೀಳುವುದು ಈ ಅಲೆಯಿಂದಲೇ.

ಇದಕ್ಕೊಂದು ಉಪಾಯವುಂಟು: ಕೂಡುರಸ್ತೆಯ ಬಾಯಲ್ಲಿ ತಡೆಯೊಡ್ಡಿ ಗಂಟೆಗೆ 600 ವಾಹನಗಳನ್ನಷ್ಟೇ ಬಿಡುವುದು. 1963ರಲ್ಲಿ ಶಿಕಾಗೋದಲ್ಲಿ ಇಂಥ ಪ್ರಯೋಗ ನಡೆಯಿತು. ಆಗ ಹೆದ್ದಾರಿ ಸರಾಗವಾಗಿ ಹರಿಯುತ್ತದೆ. ಆದರೆ ಉಳಿದ 300 ವಾಹನಗಳು ಪಕ್ಕದ ರಸ್ತೆಯಲ್ಲಿ ಕಾಯಬೇಕು. ಎಷ್ಟು ಹೊತ್ತು ಕಾಯಬೇಕೆಂಬುದನ್ನು ಗಣಿತವು ತಿಳಿಸಬಲ್ಲುದು. ಯಾರು ಕಾಯಬೇಕೆಂಬುದನ್ನು ನಾವೇ ನಿರ್ಧರಿಸಬೇಕು.