ಹಗ್ಗ ಹಿಡಿದವರಿಗೊಂದು ಪಾಲು

ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಉಡುಪಿ ದಾಟಿ ಗೋಕರ್ಣ, ಕಾರವಾರ ಎಂದು ಹೊರಟ ಕಾರುಗಳು ಸಂತೆಕಟ್ಟೆಯಲ್ಲಿ ಎಡಕ್ಕೆ ಹೊರಳುವುದು ಕಡಿಮೆ. ಮುಂದೆ ಮರವಂತೆಯಿದೆ, ಮುರ್ಡೇಶ್ವರವಿದೆ, ಎಲ್ಲರಿಗೂ ಅವಸರ. ಹೊರಳಿದವರಿಗೆ ಕೆಮ್ಮಣ್ಣು, ಹೂಡೆ ಕಳೆದ ಮೇಲೆ ರಸ್ತೆ ಸಪೂರವಾಗುತ್ತ ಹೋಗುತ್ತದೆ. ಎಡಕ್ಕೆ ಅರಬ್ಬಿ ಸಮುದ್ರ, ಬಲಕ್ಕೆ ಸುವರ್ಣಾ ನದಿ, ನಡುವೆ ಒಂದಿಷ್ಟು ಮನೆ, ತೆಂಗು, ಒಣಗಲು ಹರವಿದ ಬಲೆ. ಸುವರ್ಣಾ ಮತ್ತು ಸೀತಾ ನದಿಗಳು ಕೂಡಿ ಕಡಲು ಸೇರುವ ಅಳಿವೆಯ ಹತ್ತಿರ ನೆಲವೇ ಮುಗಿದುಬಿಡುತ್ತದೆ. ಅದು ಕೋಡಿ ಬೆಂಗ್ರೆ.

ಪ್ರವಾಸಿಗರು ಇಲ್ಲಿಗೆ ಬರುವುದು ಸಾಮಾನ್ಯವಾಗಿ ಸಂಜೆ, ಸೂರ್ಯ ಮುಳುಗುವ ಹೊತ್ತಿಗೆ. ಮುಳುಗುವ ಸೂರ್ಯ ಕರಾವಳಿಯ ಉದ್ದಕ್ಕೂ ಸಿಗುತ್ತಾನೆ. ನನ್ನ ಕೇಳಿದರೆ ಬೆಳಕು ಹರಿಯುವಾಗಲೇ ಬರಬೇಕು, ಕೈರಂಪಣಿ ನೋಡಬೇಕು. ಮಲ್ಪೆಯಿಂದ ಬೆಂಗ್ರೆಯವರೆಗಿನ ಈ ದಂಡೆಯಲ್ಲಿ ಇಂದಿಗೂ ಉಳಿದುಕೊಂಡಿರುವ ಎಳೆಬಲೆಯ ಮೀನುಗಾರಿಕೆ ಅದು. ಉತ್ತರ ಕನ್ನಡಕ್ಕೆ ಹೋದರೆ ಇದರ ದಾಯಾದಿ ಏಂಡಿ ಬಲೆ.

ಕೆಲಸ ಶುರುವಾಗುವುದು ಕಣ್ಣಿನಿಂದ. ಅನುಭವಿಯೊಬ್ಬ ದಂಡೆಯ ಮೇಲೆ ನಿಂತು ನೀರು ನೋಡುತ್ತಾನೆ. ಎಲ್ಲೋ ಒಂದು ಕಡೆ ನೀರಿನ ಬಣ್ಣ ಕಪ್ಪೇರಿರುತ್ತದೆ, ಸಣ್ಣಗೆ ಮಿಸುಕಾಡುತ್ತಿರುತ್ತದೆ, ಮೇಲೆ ಹಕ್ಕಿಗಳು ಸುತ್ತುತ್ತಿರುತ್ತವೆ. ನಮಗೆ ಎಲ್ಲಾ ನೀರೂ ಒಂದೇ. ಅವನಿಗೆ ಅಲ್ಲಿ ಬಂಗುಡೆಯೋ ಬೂತಾಯಿಯೋ ಎಂಬುದೂ ಅಂದಾಜಾಗುತ್ತದೆ. ಹಗ್ಗದ ಒಂದು ತುದಿಯನ್ನು ದಡದಲ್ಲಿದ್ದವರ ಕೈಗೆ ಕೊಟ್ಟು ದೋಣಿ ತೆರೆ ಸೀಳಿಕೊಂಡು ಹೊರಡುತ್ತದೆ. ಹೋಗುತ್ತ ಹೋಗುತ್ತ ಬಲೆ ಬಿಡುತ್ತಾರೆ. ಮೇಲಂಚಿಗೆ ಬೆಂಡು, ಕೆಳಂಚಿಗೆ ಭಾರದ ಗುಂಡು. ಹೀಗಾಗಿ ಬಲೆ ನೀರಿನಲ್ಲಿ ಗೋಡೆಯಂತೆ ನಿಲ್ಲುತ್ತದೆ. ಅರ್ಧಚಂದ್ರಾಕಾರವಾಗಿ ಸುತ್ತಿ ಬಂದು ದೋಣಿ ಇನ್ನೊಂದು ತುದಿಯನ್ನು ದಡಕ್ಕೆ ಮುಟ್ಟಿಸುತ್ತದೆ, ಮೊದಲಿನ ಜಾಗದಿಂದ ಎಷ್ಟೋ ದೂರದಲ್ಲಿ.

ಇನ್ನು ಎಳೆತ. ಎರಡು ತಂಡ, ಎರಡು ಹಗ್ಗ. ಹಿಮ್ಮಡಿಯನ್ನು ಮರಳಿಗೆ ಊರಿ, ಮೈಯನ್ನು ಹಿಂದಕ್ಕೆ ಒರಗಿಸಿ, ತೋಳಿಗಿಂತ ಹೆಚ್ಚಾಗಿ ದೇಹದ ತೂಕದಿಂದಲೇ ಎಳೆಯುತ್ತಾರೆ. ಹಿಂದೆ ಸರಿದು ಸರಿದು ಸಾಲಿನ ಬಾಲಕ್ಕೆ ಬಂದವನು ಹಗ್ಗ ಬಿಟ್ಟು ನಡೆದು ಮತ್ತೆ ನೀರಿನಂಚಿಗೆ ಹೋಗಿ ಹಿಡಿಯುತ್ತಾನೆ. ಯಾರೂ ಓಡುವುದಿಲ್ಲ. ತೆರೆ ಮೇಲೆ ಬರುವಾಗ ಎಳೆತ, ಅದು ಹಿಂದೆ ಸರಿಯುವಾಗ ಬರೀ ಹಿಡಿತ. ಕಡಲು ಎಳೆಯುವಾಗ ಅದರ ಜೊತೆ ಜಗ್ಗಾಡಿ ಪ್ರಯೋಜನವಿಲ್ಲವೆಂದು ಆ ಕಾಲುಗಳಿಗೆ ಗೊತ್ತಿದೆ. ಮೊಬೈಲ್ ಎತ್ತಿ ಹಿಡಿದು ನಿಂತವರನ್ನು ಕಂಡರೆ ಯಾರಾದರೂ ಕೂಗದೆ ಇರುವುದಿಲ್ಲ: "ಫೋಟೊ ಆಮೇಲೆ ತೆಗೀಬಹುದು ಮಾರಾಯ್ರೆ, ಸ್ವಲ್ಪ ಹಗ್ಗ ಹಿಡೀರಿ!"

ಹಿಡಿದು ನೋಡಬೇಕು. ನೀರು ಕುಡಿದ ಹಗ್ಗ ಅಂಗೈಯಲ್ಲಿ ಉರಿಯುತ್ತದೆ. ಬಲೆ ಹತ್ತಿರ ಬಂದಂತೆ ಎರಡೂ ತಂಡಗಳು ಒಂದರ ಕಡೆಗೊಂದು ಸರಿಯುತ್ತವೆ, ಬೆಂಡಿನ ಸಾಲು ಕಿರಿದಾಗುತ್ತದೆ, ಕೂಗು ಜೋರಾಗುತ್ತದೆ. ಕೆಲವರು ಎದೆಮಟ್ಟದ ನೀರಿಗಿಳಿದು ಬಲೆಯ ಕೆಳಂಚನ್ನು ಕಾಲಿನಿಂದ ಒತ್ತಿ ಹಿಡಿಯುತ್ತಾರೆ. ಅಲ್ಲಿ ಬಿಟ್ಟ ಸಣ್ಣ ಸಂದಿಯಲ್ಲಿ ಬೆಳಗಿನ ಕೂಲಿಯೆಲ್ಲ ಜಾರಿಹೋಗಬಹುದು. ಕೊನೆಗೆ ನಡುವಿನ ಚೀಲದಂಥ ಭಾಗ ಮರಳಿಗೆ ಬಿದ್ದಾಗ ಒಮ್ಮೊಮ್ಮೆ ರಾಶಿ, ಒಮ್ಮೊಮ್ಮೆ ಎರಡು ಬುಟ್ಟಿ ಚಿಲ್ಲರೆ ಮೀನು ಮತ್ತು ಬೇಡವೆಂದರೂ ಬರುವ ಪ್ಲಾಸ್ಟಿಕ್.

ಆಮೇಲೆ ನಡೆಯುವುದನ್ನು ನೋಡಲು ಹೆಚ್ಚಿನವರು ನಿಲ್ಲುವುದಿಲ್ಲ. ನಿಲ್ಲಬೇಕಾದದ್ದು ಅಲ್ಲೇ. ಕೈರಂಪಣಿ ಒಬ್ಬನ ಸೊತ್ತಾಗಿ ನಡೆಯುವುದು ಕಷ್ಟ. ಊರಿನವರು ಕೂಡಿ ಕಟ್ಟಿಕೊಂಡ ಗುಂಪಿಗೆ ಉಡುಪಿ ಕಡೆ 'ಕೈರಂಪಣಿ ಫಂಡ್' ಎನ್ನುತ್ತಾರೆ. ಮೀನು ಏಲಂ ಆಗಿ ಬಂದ ಹಣದಲ್ಲಿ ಬಲೆ, ದೋಣಿಗಳಿಗಿಷ್ಟು, ಎಳೆದವರಿಗಿಷ್ಟು ಎಂದು ಪಾಲು. ಬಲೆ ಹರಿದರೆ ನಷ್ಟ ಎಲ್ಲರದು, ಹೊಲಿಯುವ ಕೈಗಳೂ ಎಲ್ಲರವು. ಸುಮ್ಮನೆ ಬಂದು ಹಗ್ಗಕ್ಕೆ ಕೈ ಕೊಟ್ಟವರಿಗೂ ಒಂದು ಹೊತ್ತಿನ ಸಾರಿಗಾಗುವಷ್ಟು ಮೀನು ಸಿಗುವುದುಂಟು. ಪೇಟೆಯ ಕಂಪನಿಗಳು ಪಾಲುದಾರಿಕೆ ಎಂದು ಏನೇನೋ ಬರೆದುಕೊಳ್ಳುತ್ತವೆ. ಇಲ್ಲಿ ಲೆಕ್ಕ ಮರಳಿನ ಮೇಲೆ, ಎಲ್ಲರ ಕಣ್ಣೆದುರೇ ನಡೆಯುತ್ತದೆ.

ಈಗಿನ ಕೈರಂಪಣಿ ಹಿಂದಿನ ದೊಡ್ಡ ರಂಪಣಿಯ ಸಣ್ಣ ರೂಪ. ಹಿರಿಯರ ಬಾಯಲ್ಲಿ ಇನ್ನೂ ಇರುವುದು ಆ ದೊಡ್ಡದು: ಹಲವರ ಬಲೆತುಂಡುಗಳನ್ನು ಜೋಡಿಸಿ ಮಾಡಿದ, ಎಳೆಯಲು ಅರ್ಧ ಊರೇ ಬೇಕಾಗುತ್ತಿದ್ದ ಬಲೆ. ಬಂಗುಡೆಯ ದೊಡ್ಡ ಹಿಂಡು ಸಿಕ್ಕಿದರೆ ಒಮ್ಮೆಗೇ ಮೇಲೆ ತರುತ್ತಿರಲಿಲ್ಲ. ದಡದ ಹತ್ತಿರ ಬಲೆಯೊಳಗೇ ಕೂಡಿಟ್ಟು, ಮಾರುಕಟ್ಟೆ ಎಳೆದುಕೊಂಡಷ್ಟನ್ನೇ ಸ್ವಲ್ಪ ಸ್ವಲ್ಪ ಎತ್ತುತ್ತಿದ್ದರು. ಐಸ್ ಇಲ್ಲದ ಕಾಲಕ್ಕೆ ಕಡಲೇ ಗೋದಾಮು. ಅದಕ್ಕೂ ಮೀರಿ ಬಂದದ್ದು ಉಪ್ಪಿನ ರಾಶಿಗೆ, ಎಣ್ಣೆ ತೆಗೆಯುವ ಭಟ್ಟಿಗೆ, ತೆಂಗಿನ ಬುಡಕ್ಕೆ.

1970ರ ದಶಕದ ನಡುವಿನಲ್ಲಿ ಪರ್ಸಿನ್ ಬೋಟುಗಳು ಬಂದವು. ಹಿಂಡು ದಡಕ್ಕೆ ಬರಲೆಂದು ಕಾಯುವುದು ರಂಪಣಿಯ ಕ್ರಮ. ಪರ್ಸಿನ್ ಹೊರಗಡಲಲ್ಲೇ ಹಿಂಡನ್ನು ಸುತ್ತುವರಿದು ಬಲೆಯ ಬುಡ ಬಿಗಿಯುತ್ತದೆ. ಜಗಳ, ಪ್ರತಿಭಟನೆ ಎಲ್ಲ ಆದವು. ಕೆಲವೇ ವರ್ಷಗಳಲ್ಲಿ ದೊಡ್ಡ ರಂಪಣಿ ಮೂಲೆ ಸೇರಿತು. ಎಷ್ಟೋ ರಂಪಣಿ ಮನೆಯವರು ಮಾಟುಬಲೆಗೆ, ನಾಡದೋಣಿಗೆ, ಅದೇ ಪರ್ಸಿನ್ ಬೋಟಿನ ಕೆಲಸಕ್ಕೆ ಹೋದರು. ಊರು ಬಿಡುವವರಿಗೆ ಮುಂಬಯಿಯ ದಾರಿ ಮೊದಲೇ ತೆರೆದಿತ್ತು. ಅಲ್ಲಿ ನೆಲೆಸಿದ, ಕರಾವಳಿಯ ಮೀನುಗಾರ ಸಮುದಾಯದ ಮೊಗವೀರರು 1902ರಲ್ಲೇ ತಮ್ಮದೊಂದು ವ್ಯವಸ್ಥಾಪಕ ಮಂಡಳಿ ಕಟ್ಟಿಕೊಂಡಿದ್ದರು. ಪರ್ಸಿನ್ ಜಗಳವೆಲ್ಲ ಆದ ಮೇಲೆ, ರಾಜ್ಯದಲ್ಲಿ ಕಡಲ ಮೀನುಗಾರಿಕೆಯನ್ನು ನಿಯಂತ್ರಿಸುವ ಕಾನೂನು ಬಂದದ್ದು 1986ರಲ್ಲಿ.

ಆದರೆ ಎಲ್ಲ ದೂರನ್ನೂ ಪರ್ಸಿನ್ ತಲೆಗೆ ಕಟ್ಟುವುದು ಸರಿಯಲ್ಲ. ಕೈರಂಪಣಿಗೆ ಮೀನಿನಷ್ಟೇ ಅಗತ್ಯವಾದದ್ದು ಮರಳು. ಕಡಲ್ಕೊರೆತ ತಡೆಯಲು ಕಲ್ಲು ಸುರಿದ ಕಡೆಗಳಲ್ಲಿ ಬಲೆ ಎಳೆದು ತರಲು ಜಾಗವೇ ಉಳಿಯುವುದಿಲ್ಲ. ತಂದರೂ ಬಂಡೆಗೆ ಸಿಕ್ಕಿ ಹರಿಯುತ್ತದೆ. ತಡೆಗೋಡೆಯ ಹಿಂದಿನ ಮನೆಯವರನ್ನು ಕೇಳಿ, ಅವರಿಗೆ ಆ ಕಲ್ಲು ಬೇಕೇ ಬೇಕು. ಅದೇ ಮನೆಯ ಬಲೆಗೆ ಅದು ಬೇಡ. ಈ ಸಂಕಟಕ್ಕೆ ಹೊರಗಿನಿಂದ ಬಂದ ನಾವು ಸುಲಭದ ಉತ್ತರ ಹೇಳದಿರುವುದೇ ಮರ್ಯಾದೆ. ಹಾಗೆಂದು ಕೈರಂಪಣಿಯನ್ನು ಪರಮ ಸಾತ್ವಿಕವೆಂದು ಹೊಗಳುವುದೂ ಅತಿಯಾಯಿತು. ಸಣ್ಣ ಕಣ್ಣಿನ ಬಲೆಗೆ ಮರಿಮೀನು ಸಿಗುತ್ತದೆ. ದಡದಂಚಿನ ನೀರಲ್ಲಿ ಅವು ಇರುವುದೂ ಹೆಚ್ಚು.

ಬಿಸಿಲೇರಿದ ಮೇಲೆ ನದಿಯ ಮಗ್ಗುಲಿಗೆ ದಾಟಬೇಕು, ರಸ್ತೆ ದಾಟಿದರಾಯಿತು. ಇಳಿತದ ಹೊತ್ತಿನಲ್ಲಿ ಮರುವಾಯಿ, ಅಂದರೆ ಚಿಪ್ಪುಮೀನು, ಹೆಕ್ಕುವವರು ಸೊಂಟಮಟ್ಟದ ನೀರಿನಲ್ಲಿ ನಿಂತಿರುತ್ತಾರೆ. ಕಾಲ್ಬೆರಳಿನಿಂದ ಕೆಸರು ತಡವುತ್ತಾರೆ, ಗಟ್ಟಿ ಸಿಕ್ಕಿದರೆ ಮುಳುಗಿ ತೆಗೆಯುತ್ತಾರೆ. ಕಡಲು ಕೊಡದ ದಿನಗಳಲ್ಲಿ ಒಲೆ ಹೊತ್ತಿಸುವುದು ಈ ನದಿಯೇ. ಕಾಯಿ ಹಾಕಿದ ಮರುವಾಯಿ ಸುಕ್ಕ, ಬಿಸಿ ಕುಚ್ಚಲಕ್ಕಿ ಅನ್ನ ಸಿಕ್ಕುವ ಮನೆ ಗೊತ್ತಿದ್ದರೆ ಊಟದ ಮಾತೇ ಬೇರೆ.

ಮಧ್ಯಾಹ್ನ ಮಲ್ಪೆ ಬಂದರಿಗೆ ಹೋಗಿಬಂದರೆ ಅಳತೆಯ ವ್ಯತ್ಯಾಸ ಕಾಣುತ್ತದೆ. ದಿನಗಟ್ಟಲೆ ಕಡಲಲ್ಲಿದ್ದು ಬರುವ ಡೀಪ್‌ಸೀ ಬೋಟುಗಳು, ಐಸ್ ಲಾರಿ, ಅಂಜಲ್, ಬೊಂಡಾಸ್, ಪಾಂಬೋಲ್‌ಗಳ ರಾಶಿ, ಏಲಂ ಕೂಗು. ಅಲ್ಲಿ ಯಾರೂ ಹಗ್ಗ ಹಿಡಿಯಲು ಕರೆಯುವುದಿಲ್ಲ, ದಾರಿಗೆ ಅಡ್ಡ ನಿಂತರೆ ಬೈಯುತ್ತಾರೆ, ಅಷ್ಟೆ.

ಹೋಗುವವರಿಗೆ ಒಂದೆರಡು ಮಾತು. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ಬೋಟುಗಳಿಗೆ ನಿಷೇಧವಿರುವುದರಿಂದ ಮಲ್ಪೆ ಖಾಲಿ. ಬೆಂಗ್ರೆಯ ದಂಡೆಯಲ್ಲೂ ತೆರೆಯ ಅಬ್ಬರಕ್ಕೆ ಬಲೆ ಬಿಡುವುದು ಕಷ್ಟ. ಶ್ರಾವಣದ ನೂಲ ಹುಣ್ಣಿಮೆಗೆ ಕಡಲಿಗೆ ಹಾಲು, ತೆಂಗಿನಕಾಯಿ ಅರ್ಪಿಸಿ ಪೂಜೆ ಮಾಡುತ್ತಾರೆ. ಮಳೆ ಹಿಂದೆ ಸರಿದ ಮೇಲೆ ಬಂದರೆ ಕೈರಂಪಣಿ ಕಾಣುವ ಅವಕಾಶ ಹೆಚ್ಚು. ಬಲೆ ಯಾವಾಗ ಬೀಳುತ್ತದೆಂದು ಮೊದಲೇ ಹೇಳುವವರು ಯಾರೂ ಇಲ್ಲ. ಚಹಾ ಅಂಗಡಿಯಲ್ಲಿ ಕೇಳಿ ಕಾಯಬೇಕು. ಒಣಮೀನು ಕೊಳ್ಳುವುದಾದರೆ ಅಂಗಳದಲ್ಲಿ ಹರವಿಕೊಂಡ ಹೆಂಗಸರ ಹತ್ತಿರವೇ ಕೊಳ್ಳಿ, ಚೌಕಾಸಿ ಸ್ವಲ್ಪ ಕಡಿಮೆ ಮಾಡಿ. ಎಷ್ಟು ಪದರ ಪೇಪರ್ ಸುತ್ತಿದರೂ ಬೆಂಗಳೂರು ಮುಟ್ಟುವವರೆಗೆ ಎ.ಸಿ. ಹಾಕುವ ಆಸೆ ಬಿಡಿ. ಕಿಟಕಿ ತೆರೆದೇ ಘಾಟಿ ಹತ್ತಬೇಕಾಗುತ್ತದೆ.