ಕಂಪೆನಿಗಳ ಆಡಳಿತ ಮಂಡಲಿಯಲ್ಲಿ ಸ್ತ್ರೀಯರು

ಸಿರುಗುಪ್ಪ ಸೀಮೆಯ ನಮ್ಮ ಹಚ್ಚೊಳ್ಳಿಯಲ್ಲಿ ಬತ್ತದ ರಾಶಿ ಮನೆಗೆ ಬಂದೊಡನೆ, ಬೀಜಕ್ಕೆಷ್ಟು, ಊಟಕ್ಕೆಷ್ಟು, ಮಾರಾಟಕ್ಕೆಷ್ಟೆಂದು ನಿರ್ಣಯಿಸುವವಳು ಅನೇಕ ಮನೆಗಳಲ್ಲಿ ಗೃಹಿಣಿಯೇ. ಮನೆಯಲ್ಲಿ ಪ್ರಮಾಣವೆನಿಸಿದ ಈ ವಿವೇಕವು ಕಂಪೆನಿಯ ಲೆಕ್ಕದಲ್ಲಿ ಅಪ್ರಮಾಣವಾಗುವುದೇಕೆ?

1978ರಲ್ಲಿ ಬೆಂಗಳೂರಿನಲ್ಲಿ ಕಿರಣ್ ಮಜುಂದಾರರು 10,000 ರೂಪಾಯಿಗಳ ಮೂಲಧನದಿಂದ ಬಯೋಕಾನ್ ಕಂಪೆನಿಯನ್ನು ತೊಡಗಿದಾಗ, ಸಾಲ ಕೊಡಲು ಬ್ಯಾಂಕುಗಳು ಹಿಂಜರಿದುವು. 2004ರಲ್ಲಿ ಅದೇ ಕಂಪೆನಿಯ ಷೇರುಗಳಿಗೆ ಜನರು ಮುಗಿಬಿದ್ದರು.

ಷೇರುಪೇಟೆಯಲ್ಲಿ ನಮೂದಾದ ಪ್ರತಿಯೊಂದು ಕಂಪೆನಿಯ ಮಂಡಲಿಯಲ್ಲಿಯೂ ಒಬ್ಬ ಸ್ತ್ರೀಯಾದರೂ ಇರತಕ್ಕುದೆಂದು 2013ರ ಕಾಯಿದೆಯು ವಿಧಿಸಿತು. ಯಜಮಾನನ ಪತ್ನಿಯನ್ನೋ ಪುತ್ರಿಯನ್ನೋ ಕೂರಿಸಿ ವಿಧಿಯನ್ನು ತೀರಿಸಿದವರೂ ಉಂಟು. ಮುಂದೆ ಸೆಬಿಯು, 2020ರ ಏಪ್ರಿಲಿನೊಳಗೆ ಅಗ್ರಗಣ್ಯವಾದ 1,000 ಕಂಪೆನಿಗಳಲ್ಲಿ, ಒಡೆಯರ ಸಂಬಂಧವಿಲ್ಲದ ಸ್ವತಂತ್ರ ಸ್ತ್ರೀ ನಿರ್ದೇಶಕರೊಬ್ಬರು ಇರಬೇಕೆಂದು ನಿಯಮಿಸಿತು.

ಇದರಿಂದ ಲಾಭವು ಹೆಚ್ಚುವುದೋ? ವಿದ್ವಾಂಸರಲ್ಲಿ ಏಕಾಭಿಪ್ರಾಯವಿಲ್ಲ. ಅಮೆರಿಕೆಯ ಕಂಪೆನಿಗಳನ್ನು ಕುರಿತು ಆಡಮ್ಸ್ ಮತ್ತು ಫೆರೇರಾ ಎಂಬವರು 2009ರಲ್ಲಿ ಪ್ರಕಟಿಸಿದ ಶೋಧನೆಯಂತೆ, ಸ್ತ್ರೀಯರು ಸಭೆಗಳನ್ನು ತಪ್ಪಿಸುವುದು ಕಡಿಮೆ. ಅವರಿರುವಲ್ಲಿ ಪುರುಷರ ಹಾಜರಿಯೂ ಉತ್ತಮ. ಆದರೆ ಸರಾಸರಿಯಲ್ಲಿ ಲಾಭವು ಹೆಚ್ಚಿದುದು ಕಾಣಲಿಲ್ಲ. ಮೇಲ್ವಿಚಾರಣೆ ಶಿಥಿಲವಾಗಿದ್ದ ಕಂಪೆನಿಗಳಿಗೆ ಪ್ರಯೋಜನವು ಕಂಡಿತು.

ಗೃಹಸ್ಥರ ಉಳಿತಾಯದ ಹಣವೂ ಇಂಥ ಕಂಪೆನಿಗಳಲ್ಲಿರುವುದರಿಂದ, ಲೆಕ್ಕವನ್ನು ನಿರ್ಭಯವಾಗಿ ಕೇಳುವವರು ಅಲ್ಲಿ ಅವಶ್ಯಕ. ಆ ಅಭ್ಯಾಸವು ಮನೆಯಲ್ಲಿಯೇ ಮೊದಲಾಗಲಿ. ಜಮಾಖರ್ಚಿನ ಪುಸ್ತಕವನ್ನು ಇಂದೇ ಮಗಳ ಕೈಗೆ ಕೊಡುವುದು ಯೋಗ್ಯ.