ತೂಕ ಇಳಿಸುವ ಶಸ್ತ್ರಚಿಕಿತ್ಸೆಯ ನಂತರದ ಊಟ: ನಮ್ಮ ಮನೆಯ ಅನುಭವ



ಈ ಪತ್ರಿಕೆಯಲ್ಲಿ ಸಾಮಾನ್ಯವಾಗಿ ಕೊಳೆರೋಗ, ಕಾಯಿಕೊರಕ, ಗೊಬ್ಬರ, ಧಾರಣೆ ಇವುಗಳ ಮಾತೇ ಇರುತ್ತದೆ. ಈ ಸಲ ತೋಟ ಬಿಟ್ಟು ಅಡಿಗೆಮನೆಯ ವಿಷಯ ಬರೆಯುತ್ತಿದ್ದೇವೆ. ಕಳೆದ ಸರ್ವಸದಸ್ಯರ ಸಭೆಯ ದಿನ ಊಟದ ಪಂಕ್ತಿಯಲ್ಲಿ ನಮ್ಮ ಮನೆಯವರ ಎಲೆಯ ಮೇಲಿದ್ದ ನಾಲ್ಕು ತುತ್ತು ನೋಡಿ, ಮೂವರು ಸದಸ್ಯರು ನಮ್ಮನ್ನು ಪಕ್ಕಕ್ಕೆ ಕರೆದು ವಿಚಾರಿಸಿದರು. ಅವರಲ್ಲಿ ಒಬ್ಬರ ಮಗನಿಗೆ ಇದೇ ಶಸ್ತ್ರಚಿಕಿತ್ಸೆಗೆ ದಿನ ಗೊತ್ತಾಗಿತ್ತು. "ಆಪರೇಷನ್ ವಿಷಯ ಡಾಕ್ಟರು ಹೇಳ್ತಾರೆ. ಮನೆಗೆ ಬಂದ ಮೇಲೆ ಏನು ಮಾಡ್ಬೇಕು ಅನ್ನೋದನ್ನ ನೀವು ಹೇಳಿ" ಎಂದರು. ಅದಕ್ಕಾಗಿ ಈ ಲೇಖನ.

ಶಸ್ತ್ರಚಿಕಿತ್ಸೆ ಯಾಕೆ, ಏನು?

2022ರಲ್ಲಿ ನಮ್ಮ ಮನೆಯವರ ತೂಕ 108 ಕಿಲೋ ಇತ್ತು. ಎತ್ತರ ಐದು ಅಡಿ ಎರಡು ಅಂಗುಲ. ಹನ್ನೊಂದು ವರ್ಷದ ಸಕ್ಕರೆ ಕಾಯಿಲೆ, ದಿನಕ್ಕೆರಡು ಸಲ ಇನ್ಸುಲಿನ್, ಮಂಡಿ ನೋವು. ಮನೆಯಿಂದ ಕಣಕ್ಕೆ ಹೋಗಿ ಬರುವುದರೊಳಗೆ ಎರಡು ಕಡೆ ಕೂರುತ್ತಿದ್ದರು. ಪಥ್ಯ, ನಡಿಗೆ ಎಲ್ಲವನ್ನೂ ಮಾಡಿ ನೋಡಿದ್ದೆವು. ಹತ್ತು ಕಿಲೋ ಇಳಿದರೆ ಹನ್ನೆರಡು ಕಿಲೋ ಏರುತ್ತಿತ್ತು. ಆ ವರ್ಷದ ಜೂನ್‌ನಲ್ಲಿ ಗ್ಯಾಸ್ಟ್ರಿಕ್ ಬೈಪಾಸ್ ಎಂಬ ಶಸ್ತ್ರಚಿಕಿತ್ಸೆ ಆಯಿತು.

ಇದು ಹೊಸದಾಗಿ ಹುಟ್ಟಿದ ಚಿಕಿತ್ಸೆಯಲ್ಲ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿ ಮೇಸನ್ ಮತ್ತು ಇಟೊ ಎಂಬ ವೈದ್ಯರು 1966ರಲ್ಲೇ ಇದನ್ನು ಆರಂಭಿಸಿದರು. ಜಠರದ ಮೇಲ್ಭಾಗದಲ್ಲಿ ಸುಮಾರು 30 ಮಿಲಿಲೀಟರ್ ಹಿಡಿಯುವ ಸಣ್ಣ ಚೀಲವನ್ನು ಉಳಿಸಿಕೊಂಡು, ಅದಕ್ಕೆ ಸಣ್ಣ ಕರುಳನ್ನು ಜೋಡಿಸುತ್ತಾರೆ. ತಿಂದದ್ದು ಉಳಿದ ಜಠರವನ್ನೂ ಕರುಳಿನ ಮೊದಲ ಭಾಗವನ್ನೂ ಬಿಟ್ಟು ಮುಂದೆ ಹೋಗುತ್ತದೆ. 'ಸ್ಲೀವ್' ಎಂಬ ಇನ್ನೊಂದು ವಿಧಾನದಲ್ಲಿ ಜಠರದ ಮುಕ್ಕಾಲು ಭಾಗದಷ್ಟನ್ನು ತೆಗೆದುಬಿಡುತ್ತಾರೆ. ಯಾರಿಗೆ ಯಾವುದು ತಕ್ಕದ್ದು ಎಂಬುದನ್ನು ವೈದ್ಯರೇ ನಿರ್ಧರಿಸಬೇಕು.

ಮೊದಲ ಎರಡು ತಿಂಗಳು

ಆಸ್ಪತ್ರೆಯಿಂದ ಬಂದಾಗ ಹೊರಗೆ ಧೋ ಎಂದು ಮಳೆ. ಒಳಗೆ ಒಲೆಯ ಮುಂದೆ ನಮಗೆಲ್ಲ ಅಕ್ಕಿರೊಟ್ಟಿ, ಅವರಿಗೆ ಚಮಚದಲ್ಲಿ ತಿಳಿಸಾರು. ಮೊದಲ ಎರಡು ವಾರ ಬರಿಯ ದ್ರವಾಹಾರ: ಬೇಳೆಕಟ್ಟು, ಸೋಸಿದ ಗಂಜಿ ತಿಳಿ, ನೀರು ಮಜ್ಜಿಗೆ, ಕೆನೆ ತೆಗೆದ ಹಾಲು, ವೈದ್ಯರು ಬರೆದುಕೊಟ್ಟ ಪ್ರೋಟೀನ್ ಪುಡಿ. ಒಂದು ಸಣ್ಣ ಲೋಟ ಮುಗಿಸಲು ಅರ್ಧ ಗಂಟೆ. ಮೂರನೆಯ ವಾರದಿಂದ ಅರೆದು ನುಣ್ಣಗೆ ಮಾಡಿದ ಆಹಾರ: ಮೆತ್ತಗೆ ಬೇಯಿಸಿ ಮಸೆದ ಬೇಳೆ, ತೆಳುವಾದ ರಾಗಿ ಅಂಬಲಿ, ಮೊಸರು. ಒಂದು ತಿಂಗಳ ನಂತರ ಮೆತ್ತನೆಯ ಮೊಟ್ಟೆ, ಮುಳ್ಳು ಬಿಡಿಸಿದ ಮೀನು, ಪನ್ನೀರು, ಅರ್ಧ ಇಡ್ಲಿ. ಎಲ್ಲರ ಅಡಿಗೆಗೆ ಬರಲು ಎರಡು ತಿಂಗಳು ಹಿಡಿಯಿತು.

ಹಸಿವಿಗಿಂತ ಕಷ್ಟ ಕೊಟ್ಟದ್ದು ಅಭ್ಯಾಸ. ನಮ್ಮ ಕಡೆ ಊಟ ಬೇಗ ಬೇಗ ಆಗಬೇಕು, ಆಳುಗಳು ಕಾಯುತ್ತಿರುತ್ತಾರೆ. ಅವಸರದಲ್ಲಿ ಒಂದು ದಿನ ಅಕ್ಕಿ ಕಡುಬಿನ ಚೂರನ್ನು ಸರಿಯಾಗಿ ಅಗಿಯದೆ ನುಂಗಿದರು. ಎದೆಯ ನಡುವೆ ಕಲ್ಲು ಸಿಕ್ಕಿಕೊಂಡಂತಾಗಿ ಬಾಯಲ್ಲಿ ನೊರೆ ಬಂತು. ವಾಂತಿಯಾದ ಮೇಲೆಯೇ ಸಮಾಧಾನ. ಅಂದಿನಿಂದ ಹೆಬ್ಬೆರಳ ಉಗುರಿನಷ್ಟು ತುತ್ತು, ಇಪ್ಪತ್ತೈದು ಸಲ ಅಗಿತ, ಒಂದು ಊಟಕ್ಕೆ ಅರ್ಧ ಗಂಟೆ ಎಂದು ನಿಯಮ ಮಾಡಿಕೊಂಡೆವು. ಕಡುಬು, ಹಿಟ್ಟು ಹಿಟ್ಟಾದ ಅನ್ನ, ನಾರಿನ ಮಾಂಸ ಇವು ಇಂದಿಗೂ ಎಚ್ಚರದಿಂದ ತಿನ್ನುವ ಪದಾರ್ಥಗಳು.

ಊಟದ ಜೊತೆ ನೀರು ಕುಡಿಯುವಂತಿಲ್ಲ. ಊಟ ಮುಗಿದ ಅರ್ಧ ಗಂಟೆಯ ನಂತರ ಗುಟುಕು ಗುಟುಕಾಗಿ ಕುಡಿಯಬೇಕು. ದಿನಕ್ಕೆ ಒಂದೂವರೆ ಲೀಟರಾದರೂ ಒಳಗೆ ಹೋಗಬೇಕು. ತೋಟಕ್ಕೆ ಹೋಗುವಾಗ ಬಾಟಲಿಯ ಮೇಲೆ ಗೆರೆ ಎಳೆದುಕೊಂಡು ಹೋಗುತ್ತಿದ್ದರು.

ಕಾಫಿಯ ವಿಷಯವನ್ನು ಬೆಳೆಗಾರರಿಗೆ ಹೇಳಲೇಬೇಕು. ಮೊದಲ ಒಂದು ತಿಂಗಳು ಕಾಫಿ ಬೇಡವೆಂದಿದ್ದರು. ನಮ್ಮದೇ ತೋಟದ ಪುಡಿ, ನಮ್ಮದೇ ಡಿಕಾಕ್ಷನ್ನಿನ ಘಮ. ಮನೆಯ ಯಜಮಾನಿಗೆ ಮಾತ್ರ ಇಲ್ಲ. "ಆಪರೇಷನ್ ಹೊಟ್ಟೆಗಾಗಿರೋದು, ಮೂಗಿಗಲ್ಲ" ಎಂದು ಅವರು ಹಿತ್ತಲಿಗೆ ಎದ್ದು ಹೋಗುತ್ತಿದ್ದರು. ಈಗ ಬೆಳಿಗ್ಗೆ ಸಕ್ಕರೆ ಇಲ್ಲದ ಅರ್ಧ ಲೋಟ ಕುಡಿಯುತ್ತಾರೆ.

ಆಲೆಮನೆಯಲ್ಲಿ ಕಂಡದ್ದು

ಎಂಟು ತಿಂಗಳಲ್ಲಿ ಮೂವತ್ತು ಕಿಲೋ ಇಳಿದಿತ್ತು. ಇನ್ಸುಲಿನ್ನನ್ನು ವೈದ್ಯರು ಆಸ್ಪತ್ರೆಯಲ್ಲೇ ನಿಲ್ಲಿಸಿದ್ದರು. ನೆಂಟರ ಆಲೆಮನೆಗೆ ಹೋಗಿದ್ದಾಗ ಒತ್ತಾಯಕ್ಕೆ ಒಂದು ಲೋಟ ಕಬ್ಬಿನ ಹಾಲು ಕುಡಿದರು. ಕಾಲು ಗಂಟೆಯೊಳಗೆ ಮೈಯೆಲ್ಲ ಬೆವೆತು, ಎದೆ ಡವಡವ ಬಡಿದು, ಹೊಟ್ಟೆ ನುಲಿದು ಮಲಗಿಬಿಟ್ಟರು. ಹೃದಯಾಘಾತವೆಂದೇ ತಿಳಿದು ನಾವು ಜೀಪು ಹೊರಡಿಸಿದೆವು. ಇದಕ್ಕೆ 'ಡಂಪಿಂಗ್' ಎನ್ನುತ್ತಾರೆಂದು ಆಮೇಲೆ ತಿಳಿಯಿತು. ಸಿಹಿ ಪದಾರ್ಥ ಜಠರದಲ್ಲಿ ನಿಲ್ಲದೆ ನೇರವಾಗಿ ಕರುಳಿಗೆ ಬಿದ್ದು, ನೀರನ್ನು ಅಲ್ಲಿಗೆ ಎಳೆಯುತ್ತದೆ. ಕೆಲವರಿಗೆ ಊಟವಾದ ಒಂದರಿಂದ ಮೂರು ಗಂಟೆಯ ನಂತರ ರಕ್ತದ ಸಕ್ಕರೆ ತೀರಾ ಇಳಿದು ಕೈಕಾಲು ನಡುಗಿ ತಲೆ ಸುತ್ತುವುದೂ ಉಂಟು. ಕಬ್ಬಿನ ಹಾಲು, ಜೋನಿಬೆಲ್ಲ, ಪಾಯಸ, ಅಂಗಡಿಯ ತಂಪು ಪಾನೀಯ ಇವು ನಮ್ಮಲ್ಲಿ ಆ ದಿನಕ್ಕೇ ಮುಗಿದವು.

ಮದುವೆ ಮನೆ, ನೆಂಟರ ಮನೆಗಳ ಕಷ್ಟ ಬೇರೆ. "ಏನಕ್ಕಾ, ನಮ್ಮನೆ ಊಟ ಸೇರ್ಲಿಲ್ವಾ? ಇನ್ನೊಂದು ಹೋಳಿಗೆ ಹಾಕಿಸ್ಕೊಳ್ಳಿ" ಎಂದು ಬಡಿಸುವವರು ಪ್ರೀತಿಯಿಂದಲೇ ಹೇಳುತ್ತಾರೆ. ಮೊದಮೊದಲು ನಮ್ಮ ಮನೆಯವರು ಸಂಕೋಚದಿಂದ ಪಂಕ್ತಿಗೇ ಕೂರುತ್ತಿರಲಿಲ್ಲ. ಈಗ ಮೊದಲೇ ಹೇಳಿ, ಅರ್ಧ ಎಲೆ ಹಾಕಿಸಿಕೊಂಡು, ನಮ್ಮ ಪಕ್ಕದಲ್ಲಿ ಕೂರುತ್ತಾರೆ. ಬಡಿಸುವವರಿಗೆ ಉತ್ತರ ಹೇಳುವ ಕೆಲಸ ನಮ್ಮದು. ಕಂಡವರೆಲ್ಲ "ಯಾಕೆ ಇಷ್ಟು ಸೊರಗಿದ್ದೀರಿ, ಏನು ಕಾಯಿಲೆ?" ಎನ್ನುತ್ತಿದ್ದರು. ನಾಲ್ಕನೆಯ ತಿಂಗಳಿನಲ್ಲಿ ತಲೆಗೂದಲು ಹಿಡಿ ಹಿಡಿ ಉದುರಿದಾಗ ಆ ಮಾತು ಚುಚ್ಚುತ್ತಿತ್ತು. ತೂಕ ಬೇಗ ಇಳಿಯುವಾಗ ಕೂದಲು ಹೀಗೆ ಉದುರುವುದು ಸಾಮಾನ್ಯ. ಪ್ರೋಟೀನು ಸಾಕಷ್ಟು ಸಿಕ್ಕರೆ ಮತ್ತೆ ಬರುತ್ತದೆ. ನಮ್ಮಲ್ಲಿ ವರ್ಷ ತುಂಬುವಷ್ಟರಲ್ಲಿ ಬಂತು.

ನಮ್ಮಿಂದಾದ ತಪ್ಪು

ಈ ಲೇಖನದಲ್ಲಿ ಒಂದೇ ಭಾಗವನ್ನು ಓದಲು ಸಮಯವಿದ್ದರೆ ಇದನ್ನು ಓದಿ.

2023ರ ಕೊನೆಯಲ್ಲಿ ಅಡಿಕೆ ಸುಲಿತವೂ ಕಾಫಿ ಕೊಯ್ಲೂ ಒಟ್ಟಿಗೆ ಬಂದವು. ಮನೆ ತುಂಬ ಕೆಲಸದವರು. ಮನೆಯವರು ಚುರುಕಾಗಿ ಓಡಾಡುತ್ತಿದ್ದರು. ತೂಕ 74 ಕಿಲೋಗೆ ಬಂದಿತ್ತು. ಗುಣವಾಯಿತಲ್ಲ, ಇನ್ನು ಮಾತ್ರೆ ಯಾಕೆ ಎಂದು ಅವರಿಗೂ ಅನ್ನಿಸಿತು, ನಮಗೂ ಅನ್ನಿಸಿತು. ತೀರಿದ ಮಾತ್ರೆಗಳನ್ನು ಪೇಟೆಯಿಂದ ತರಲಿಲ್ಲ. ರಕ್ತ ಪರೀಕ್ಷೆಗೂ ಹೋಗಲಿಲ್ಲ.

ಮಾರ್ಚ್‌ನಲ್ಲಿ ಮೆಟ್ಟಿಲು ಹತ್ತಿದರೆ ಏದುಸಿರು ಬರತೊಡಗಿತು. ಪಾದಗಳಲ್ಲಿ ಜೋಮು. ಕೊಯ್ಲಿನ ಆಯಾಸವೆಂದು ನಾವು ಸುಮ್ಮನಿದ್ದೆವು. ಒಂದು ಬೆಳಿಗ್ಗೆ ಹಾಲಿನ ಪಾತ್ರೆ ಹಿಡಿದಂತೆಯೇ ಕೊಟ್ಟಿಗೆಯ ಬಾಗಿಲಲ್ಲಿ ಕುಸಿದರು. ರಕ್ತ ಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ 7.6. ಬಿ12 ಜೀವಸತ್ವವೂ ಬಹಳ ಕಡಿಮೆ. ಕಬ್ಬಿಣದ ಅಂಶವನ್ನು ರಕ್ತನಾಳದ ಮೂಲಕ ಕೊಡಬೇಕಾಯಿತು, ಬಿ12ಗೆ ಚುಚ್ಚುಮದ್ದು.

ಕಾರಣ ಸರಳವಾಗಿದೆ. ಕಬ್ಬಿಣ ಮತ್ತು ಸುಣ್ಣದ ಅಂಶಗಳನ್ನು ಹೆಚ್ಚಾಗಿ ಹೀರುವುದು ಕರುಳಿನ ಮೊದಲ ಭಾಗ. ಬೈಪಾಸಿನಲ್ಲಿ ಆಹಾರ ಅಲ್ಲಿಗೆ ಹೋಗುವುದೇ ಇಲ್ಲ. ಬಿ12 ಮೈಗೆ ಹತ್ತಲು ಜಠರದ ರಸ ಬೇಕು; ಅದೂ ಕಡಿಮೆಯಾಗಿರುತ್ತದೆ. ಯಕೃತ್ತಿನಲ್ಲಿ ಬಿ12 ದಾಸ್ತಾನು ಇರುವುದರಿಂದ ಕೊರತೆ ಕೂಡಲೆ ತೋರುವುದಿಲ್ಲ, ವರ್ಷ ಕಳೆದ ಮೇಲೆ ತೋರುತ್ತದೆ. ಬಲವಾಗಿ ಕಸಿ ಮಾಡಿದ ಕಾಫಿ ಗಿಡಕ್ಕೆ ಆ ವರ್ಷ ಗೊಬ್ಬರ ತಪ್ಪಿಸಿದರೆ ಏನಾಗುತ್ತದೆಂದು ನಮಗೆಲ್ಲ ಗೊತ್ತು. ಮನೆಯಲ್ಲಿ ಮಾತ್ರ ಅದನ್ನೇ ಮಾಡಿದೆವು.

ಈಗ ನಮ್ಮ ಮನೆಯವರು ಚೆನ್ನಾಗಿದ್ದಾರೆ. ಏದುಸಿರು ಹೋಯಿತು. ಎಡಗಾಲಿನ ಜೋಮು ಮಾತ್ರ ಪೂರ್ತಿ ಹೋಗಿಲ್ಲ. ಹೋಗಬಹುದು, ಹೋಗದೆಯೂ ಇರಬಹುದು ಎಂದಿದ್ದಾರೆ.

ಗೋಡೆಯ ಮೇಲೆ ಬರೆದಿಟ್ಟಿರುವುದು

ನಮ್ಮ ಅಡಿಗೆಮನೆಯ ಕ್ಯಾಲೆಂಡರಿನ ಪಕ್ಕ ಒಂದು ಹಾಳೆ ಅಂಟಿಸಿದ್ದೇವೆ. ಅದರಲ್ಲಿರುವುದು ಇಷ್ಟು:

1. ಮೊದಲು ಪ್ರೋಟೀನು, ಆಮೇಲೆ ಪಲ್ಯ, ಕೊನೆಗೆ ಅನ್ನ ಅಥವಾ ರೊಟ್ಟಿ. ದಿನಕ್ಕೆ 60ರಿಂದ 80 ಗ್ರಾಂ ಪ್ರೋಟೀನು ಬೇಕು. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, ಕಾಲು ಲೀಟರ್ ಹಾಲಿನಲ್ಲಿ ಸುಮಾರು 8 ಗ್ರಾಂ. ಹುರುಳಿ, ಹೆಸರುಕಾಳು, ಮೊಸರು, ಮೀನು ನಮ್ಮ ಮನೆಯಲ್ಲೇ ಇವೆ.

2. ಬಹುಜೀವಸತ್ವ, ಕಬ್ಬಿಣ, ಬಿ12, ಕ್ಯಾಲ್ಸಿಯಂ, ಡಿ ಜೀವಸತ್ವ: ಜೀವ ಇರುವವರೆಗೂ. ಕ್ಯಾಲ್ಸಿಯಂ ಮತ್ತು ಕಬ್ಬಿಣದ ಮಾತ್ರೆಗಳ ನಡುವೆ ಎರಡು ಗಂಟೆ ಅಂತರ. ಕಬ್ಬಿಣದ ಮಾತ್ರೆಯನ್ನು ಕಾಫಿ, ಟೀ ಜೊತೆ ನುಂಗಬಾರದು, ಮೈಗೆ ಹತ್ತುವುದಿಲ್ಲ.

3. ಮೊದಲ ವರ್ಷ ವೈದ್ಯರು ಹೇಳಿದಷ್ಟು ಸಲ, ಆಮೇಲೆ ತಪ್ಪದೆ ವರ್ಷಕ್ಕೊಮ್ಮೆಯಾದರೂ ರಕ್ತ ಪರೀಕ್ಷೆ. ನಾವು ಕೊಯ್ಲಿಗೆ ಮುಂಚೆ, ಅಕ್ಟೋಬರಿನಲ್ಲಿ ಮಾಡಿಸುತ್ತೇವೆ.

4. ಸಕ್ಕರೆ ಕಾಯಿಲೆ, ರಕ್ತದೊತ್ತಡಗಳ ಹಳೆಯ ಔಷಧಿಯನ್ನು ಹಳೆಯ ಅಳತೆಯಲ್ಲೇ ಮುಂದುವರಿಸಬಾರದು. ತಾವಾಗಿ ನಿಲ್ಲಿಸಲೂ ಬಾರದು. ವೈದ್ಯರನ್ನು ಕೇಳಬೇಕು.

5. ಬೆನ್ನು ನೋವಿಗೆಂದು ಅಂಗಡಿಯಲ್ಲಿ ಕೇಳಿ ತರುವ ಐಬುಪ್ರೊಫೆನ್, ಡೈಕ್ಲೋಫೆನಾಕ್ ಮಾತ್ರೆಗಳು ಬೇಡ. ಬೈಪಾಸ್ ಆದವರಿಗೆ ಕರುಳು ಜೋಡಿಸಿದ ಜಾಗದಲ್ಲಿ ಹುಣ್ಣಾಗುತ್ತದೆ. ಬೀಡಿ, ಸಿಗರೇಟು, ಹೊಗೆಸೊಪ್ಪು ಬೇಡ. ಮದ್ಯ ಬಹು ಬೇಗ ತಲೆಗೇರುತ್ತದೆ, ಚಟವೂ ಬೇಗ ಅಂಟುತ್ತದೆ.

6. ಬಿಡದ ವಾಂತಿ, ಬಿಡದ ಹೊಟ್ಟೆನೋವು, ಕಪ್ಪು ಮಲ ಕಂಡರೆ ಅದೇ ದಿನ ಆಸ್ಪತ್ರೆ. ದಿನಗಟ್ಟಲೆ ವಾಂತಿಯಾದರೆ ಬಿ1 ಜೀವಸತ್ವ ಕೆಲವೇ ವಾರಗಳಲ್ಲಿ ಬರಿದಾಗಿ ನರಗಳಿಗೆ, ಮೆದುಳಿಗೆ ಪೆಟ್ಟು ಬೀಳುತ್ತದೆ.

7. ಮಕ್ಕಳಾಗುವ ವಯಸ್ಸಿನ ಹೆಣ್ಣುಮಕ್ಕಳು ಒಂದರಿಂದ ಒಂದೂವರೆ ವರ್ಷ ಗರ್ಭ ಧರಿಸದಂತೆ ನೋಡಿಕೊಳ್ಳಬೇಕು.

ಶಸ್ತ್ರಚಿಕಿತ್ಸೆಯಾದರೆ ಎಲ್ಲ ಮುಗಿಯಿತೆಂದು ತಿಳಿಯಬೇಡಿ. ಎರಡು ವರ್ಷದ ಮೇಲೆ ಸ್ವಲ್ಪ ತೂಕ ಹಿಂದಿರುಗುವುದು ಅನೇಕರಲ್ಲಿ ಉಂಟು. ನಮ್ಮಲ್ಲೂ ಮೂರು ಕಿಲೋ ಬಂದಿದೆ. ಸಂಜೆ ಚಕ್ಕುಲಿ, ಚಿಪ್ಸು ಎಂದು ಕೈ ಆಡಿಸುವುದೇ ಅದಕ್ಕೆ ಕಾರಣ. ಆ ಡಬ್ಬಿ ಈಗ ಮೇಲಿನ ಅಟ್ಟದಲ್ಲಿದೆ. ಹಾಗೆಂದು ಹೆದರಿ ಹಿಂಜರಿಯಬೇಕಾಗಿಯೂ ಇಲ್ಲ. ಕಣಕ್ಕೆ ಹೋಗಲು ಎರಡು ಕಡೆ ಕೂರುತ್ತಿದ್ದವರು ಈಗ ಮೇಲಿನ ತೋಟದ ತುದಿಯವರೆಗೆ ಹೋಗಿ, ಕೊಯ್ಲು ಸರಿಯಾಗಿಲ್ಲವೆಂದು ನಮಗೇ ಹೇಳುತ್ತಾರೆ.

ಅಂದು ಸಭೆಯಲ್ಲಿ ಕೇಳಿದ ಸದಸ್ಯರಿಗೆ ಒಂದು ಮಾತು. ನಿಮ್ಮ ಮಗ ಮನೆಗೆ ಬಂದ ದಿನವೇ ಮಾತ್ರೆಯ ಡಬ್ಬಿಯನ್ನು ಕಾಫಿ ಪುಡಿಯ ಡಬ್ಬಿಯ ಪಕ್ಕದಲ್ಲಿಡಿ. ದಿನಾ ಕಣ್ಣಿಗೆ ಬೀಳುತ್ತದೆ. ಕಾಫಿ ಕುಡಿದು ಎರಡು ಗಂಟೆಯಾದ ಮೇಲೆ ಕಬ್ಬಿಣದ ಮಾತ್ರೆ ಕೊಡಿ. ಅಡಿಗೆಮನೆಯಲ್ಲಿ ಏನಾದರೂ ಸಂದೇಹ ಬಂದರೆ ಸಂಘದ ಕಛೇರಿಯಲ್ಲಿ ಹೇಳಿ ಕಳಿಸಿ. ನಮ್ಮ ಮನೆಯವರೇ ಬಂದು ಮಾತನಾಡುತ್ತಾರೆ.